ಕಪ್ಪೆಲೆಯ ಸಿಗಾರ್

ನದಿದಂಡೆಯ ಮೇಲೆ ಹೊಗೆಸೊಪ್ಪಿನ ಒಂದು ಕೊಟ್ಟಿಗೆ. ಅಲ್ಲಿ ಸಿಗಾರ್ ಸುತ್ತುವುದನ್ನು ಕಲಿಸುತ್ತಿದ್ದವನು ಮುದುಕ ದಸ್ತಗೀರಸಾಬ. ಬಾಳಪ್ಪ ಅವನಲ್ಲಿ ಆರು ವರ್ಷದಿಂದ ಕಲಿಯುತ್ತಿದ್ದ.

ಒಂದು ದಿನ ಗುರು ಹೇಳಿದ: "ನನಗೊಂದು ಸುತ್ತಿ ಕೊಡು. ಎದಿ ಈಗ ಕಡಕ್ ತಡಕೊಳ್ಳೂದಿಲ್ಲ, ಸೌಮ್ಯ ಇರಲಿ. ಸರಿಬಂತಂದ್ರ ಇನ್ನ ನಿನ್ನ ಹೆಸರ್ಲೆ ಸುತ್ತು. ಇಲ್ಲಾಂದ್ರ ಮತ್ತ ಎಲಿ ಆರಿಸಕೋತ ಕೂಡು."

ಕಪ್ಪಗಿದ್ದದ್ದೆಲ್ಲ ಕಡಕ್ ಅಂದುಕೊಂಡು ಬಾಳಪ್ಪ ಕಪ್ಪೆಲೆಗಳನ್ನೆಲ್ಲ ಬದಿಗೆ ಸರಿಸಿ, ಹೊಂಬಣ್ಣದ ತಿಳಿ ಎಲೆಯೊಂದನ್ನು ಹೊದಿಸಿ ಸುತ್ತಿದ. ಎಲ್ಲೂ ಒಂದು ಸುಕ್ಕಿಲ್ಲ. ನೋಡಿದರೆ ಮದುಮಗನ ಹಾಗಿತ್ತು.

ಗುರು ನಾಲ್ಕು ದಮ್ಮು ಎಳೆದ. ತಲೆ ತಿರುಗಿತು. ಕಂಬ ಹಿಡಿದು ಕೂತುಬಿಟ್ಟ.

ಬಾಳಪ್ಪ ನೀರು ತಂದ.

"ಉಸ್ತಾದ್ರ, ಕರಿ ಎಲಿ ನಾ ಮುಟ್ಟೇ ಇಲ್ರಿ."

"ಬಿಚ್ಚು."

ಬಿಚ್ಚಿದ. ಒಳಗೆಲ್ಲ ಗಿಡದ ತುದಿಯ ಎಲೆ, ಬಿಸಿಲು ಕುಡಿದು ದಪ್ಪಗಾದದ್ದು, ಎಲ್ಲಕ್ಕಿಂತ ಕಡಕ್.

"ಇದನ್ನ ಯಾಕ ತುಂಬಿದಿ?"

"ಒಳಗಿಂದು ಯಾರಿಗೆ ಕಾಣತೈತಿ ಅಂತ, ಕೈಗೆ ಸಿಕ್ಕಿದ್ದನ್ನ ತುಂಬಿದೆ."

ಆರು ವರ್ಷದ ವಿದ್ಯೆಯೆಲ್ಲ ಹೊರಮೈಗೇ ಖರ್ಚಾಗಿತ್ತು ಅನ್ನಿ.

ಗುರು ಒಂದು ಕಪ್ಪೆಲೆಯ ಚೂರು ಕೊಟ್ಟ. "ನಾಲಗಿಗೆ ಹಚ್ಚು."

ಬಾಳಪ್ಪ ಮುಖ ಕಿವುಚಿಕೊಂಡೇ ಹಚ್ಚಿದ. ಬೆಲ್ಲದ ವಾಸನೆ, ಸ್ವಲ್ಪ ಸಿಹಿ.

"ಇಷ್ಟು ಕಪ್ಪಗಿದ್ದದ್ದು ಕಡಕ್ ಇರಬೇಕಿತ್ತಲ್ರಿ?"

"ತಿಂಗಳಗಟ್ಟಲೆ ರಾಶಿಯೊಳಗ ಬೆವತು ಕಪ್ಪಾಗೇತಿ. ಬೆವತಂಗ ಬೆವತಂಗ ಒಗರು ಹೋಗೇತಿ. ರುಚಿ ಅದು ಕೊಡತೈತಿ. ತಲಿ ತಿರಗಿಸಿದ್ದು ನೀ ಒಳಗ ತುಂಬಿದ್ದು."

ಬಾಳಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಎಲೆ ಆರಿಸುವವರ ಚಾಪೆಯ ಕಡೆ ಹೊರಟ.

"ಎಲ್ಲಿಗೆ? ಇನ್ನೊಂದು ಸುತ್ತು."

"ಯಾರಿಗ್ರಿ?"

"ನನಗ."

ಬಾಳಪ್ಪನಿಗೆ ಹೆದರಿಕೆ. ಈ ಸಲ ಒಂದೊಂದೇ ಎಲೆ ಮೂಸಿದ, ನಾಲಗೆಗೆ ಹಚ್ಚಿ ನೋಡಿದ, ಹೆಚ್ಚಿನವನ್ನು ಬಿಟ್ಟ. ಮಧ್ಯಾಹ್ನ ಕಳೆದ ಮೇಲೆ ಒಂದು ಕಪ್ಪು ಸಿಗಾರ್ ಹಿಡಿದು ಬಂದ.

"ಉಸ್ತಾದ್ರ, ಈ ಸಲ ಕರಿ ಎಲಿ ಹೊದಿಸೀನಿ—"

ಗುರು ಕಣ್ಣು ಮುಚ್ಚಿಕೊಂಡೇ ಅದನ್ನು ಕೈಗೆ ತೆಗೆದುಕೊಂಡ.

"ಬಣ್ಣ ನನಗ ಬ್ಯಾಡ. ಒಳಗ ಏನ ಇಟ್ಟೀದಿ ಹೇಳು, ಆಮ್ಯಾಲ ಬೆಂಕಿಕಡ್ಡಿ ಕೊರಿ."