ಹರಿಗೋಲಜ್ಜನವರ ಹೆಗಲ ಮೇಲಿನ ಹುಡಿ

ತುಂಗಭದ್ರೆಯ ದಂಡೆಯ ಹಿರೇಕಡವು ಎಂಬ ಊರಿನಲ್ಲಿ ಒಬ್ಬ ಪೂಜ್ಯರಿದ್ದರು. ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಕಲ್ಲುಗಳ ಮೇಲೆ ಬೋರಲು ಹಾಕಿದ ಒಂದು ಹಳೆಯ ಹರಿಗೋಲು. ಅದರ ನೆರಳೇ ಅವರ ಆಶ್ರಮ. ಬಿದಿರು ಹೆಣೆದು ತೊಗಲು ಹೊದಿಸಿದ ಆ ದುಂಡು ದೋಣಿಯ ಕೆಳಗೆ ಸದಾ ಕುಳಿತಿರುತ್ತಿದ್ದುದರಿಂದ ಜನ ಅವರನ್ನು ಹರಿಗೋಲಜ್ಜನವರೆಂದೇ ಕರೆದರು.

ಮೇದಾರ ಕೇತಪ್ಪನಿಗೆ ಮಾತ್ರ ಅಜ್ಜನವರೆಂದರೆ ಅಷ್ಟಕ್ಕಷ್ಟೇ. ಆ ಹಳೆಯ ಹರಿಗೋಲು ಅವನ ತಂದೆ ಹೆಣೆದದ್ದು. ನಮ್ಮಪ್ಪನ ಕೆಲಸದ ಕೆಳಗೆ ಕೂತು ಕೈಮುಗಿಸಿಕೊಳ್ಳುವುದು ಯಾವ ದೊಡ್ಡಸ್ತಿಕೆ ಎಂದು ಅವನ ಕೊಂಕು. ಬಾಯಿ ಹೀಗಿದ್ದರೂ ಅವನ ಕೈ ಬಂಗಾರದ್ದು ಬಿಡಿ, ಅದರಲ್ಲಿ ಎರಡು ಮಾತಿಲ್ಲ.

ಆ ವರ್ಷ ಹೊಳೆ ದಾಟಿಸುವ ಕಡವಿನ ಗುತ್ತಿಗೆ ಹಿಡಿದ ಸಾಹುಕಾರ ಅಡಿವೆಪ್ಪ ಹೊಸ ಹರಿಗೋಲು ಮಾಡಿಕೊಡಲು ಕೇತಪ್ಪನಿಗೆ ಹೇಳಿದ. ಕೂಲಿಯನ್ನು ಮಾತ್ರ ಅರ್ಧಕ್ಕೆ ಇಳಿಸಿದ. ಕೇತಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸಾಹುಕಾರನ ಎದುರು ನಿಂತು ಜಗಳವಾಡುವ ಧೈರ್ಯ ಸಾಲಲಿಲ್ಲ. ಸಿಟ್ಟನ್ನೆಲ್ಲ ಬಿದಿರಿನ ಮೇಲೆ ತೀರಿಸಿಕೊಂಡ. ಮೇದಾರರು ಬಿದಿರು ಕಡಿಯುವುದು ಕತ್ತಲ ಪಕ್ಷದಲ್ಲಿ. ಬೆಳುದಿಂಗಳ ದಿನಗಳಲ್ಲಿ ಕಡಿದರೆ ಹುಳು ಬೀಳುತ್ತದೆಂದು ಅವರ ಮನೆಯ ಮಕ್ಕಳಿಗೂ ಗೊತ್ತು. ಕಡಿದದ್ದನ್ನು ಮಡುವಿನಲ್ಲಿ ಮುಳುಗಿಸಿ ಹದ ಮಾಡಬೇಕು. ಕೇತಪ್ಪ ಹುಣ್ಣಿಮೆಯಂದೇ ಕಡಿದ, ಮಡುವಿಗೆ ಹಾಕಲೇ ಇಲ್ಲ.

"ಅರ್ಧ ಕೂಲಿಗೆ ಅರ್ಧ ಕೆಲಸ. ನಂದೇನು ತಪ್ಪೈತಿ?" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

ಹೊಳೆ ತುಂಬಿದಾಗ ಹೊಸ ಹರಿಗೋಲಿಗೆ ಪೂಜೆಯಾಯಿತು. ಅಜ್ಜನವರು ಬಂದರು, ಬಾಗಿ ಅದರ ಅಂಚಿಗೆ ಕಿವಿಯಿಟ್ಟರು. ಬಹಳ ಹೊತ್ತು ಹಾಗೆಯೇ ಇದ್ದು, ಕಾಯಿ ಒಡೆಯದೆ ಹೊರಟುಹೋದರು. ಕೇತಪ್ಪನಿಗೆ ನಾಲ್ಕು ಜನರೆದುರು ಮುಖಕ್ಕೆ ಹೊಡೆದಂತಾಯಿತು.

ಮರುದಿನ ಮಟಮಟ ಮಧ್ಯಾಹ್ನ. ಆಚೆ ದಡದ ಊರಿಗೆ ಕೊಟ್ಟ ಮಗಳು ನೀಲವ್ವ ತುಂಬಿದ ಬಸುರಿ, ಬಾಣಂತನಕ್ಕೆಂದು ತವರಿಗೆ ಬರುವ ದಿನ. ಅವಳನ್ನು ಕಾಯುತ್ತ ದಂಡೆಗೆ ಬಂದಿದ್ದ ಕೇತಪ್ಪ ನೆಟ್ಟಗೆ ಅಜ್ಜನವರ ಬಳಿ ಹೋದ.

"ಏನ್ರೀ ಅಜ್ಜಾರ, ನನ್ನ ಕೆಲಸದಾಗ ಏನು ಕೇಳಿಸ್ತು ನಿಮಗ?"

ಅಜ್ಜನವರು ಪಕ್ಕದ ಮರಳನ್ನು ಕೈಯಿಂದ ಸವರಿ, ಕೂಡು ಎಂಬಂತೆ ತೋರಿಸಿದರು. ಕೇತಪ್ಪ ನುಸುಳಿ ಒಳಗೆ ಕುಳಿತ. ಹೊರಗೆ ಗಾಳಿಯಿಲ್ಲ, ಹಕ್ಕಿಯ ದನಿಯಿಲ್ಲ. ಆಗ ಕೇಳಿಸಿತು: ಕರಕರ, ಕರಕರ. ಯಾರೋ ಹಲ್ಲು ಕಡಿಯುತ್ತಿರುವ ಹಾಗೆ. ಅಜ್ಜನವರ ಹೆಗಲ ಮೇಲೆ ಬಿಳಿಯ ಹುಡಿ ಸಣ್ಣಗೆ ಉದುರುತ್ತಿತ್ತು.

ಕೇತಪ್ಪ ಗಾಬರಿಯಿಂದ ಮೇಲೆ ಕೈಯಾಡಿಸಿದ. ಅಪ್ಪನ ಹೆಣಿಗೆ ಕಬ್ಬಿಣದಂತಿತ್ತು. ಒಂದು ತೂತಿಲ್ಲ, ಹುಳುವಿನ ಸುಳಿವಿಲ್ಲ. ಹುಡಿಯನ್ನು ಮೂಸಿದ. ಹಸಿ ಬಿದಿರಿನ ವಾಸನೆ! ಅದು ಅವನೇ ಹುಣ್ಣಿಮೆಯಂದು ಕಡಿದ ಬಿದಿರಿನದು.

"ಅಜ್ಜಾರ... ನನಗ ಅರ್ಧ ಕೂಲಿ ಕೊಟ್ರು" ಎಂದು ತೊದಲಿದ.

ಅಜ್ಜನವರು ಬಾಯಿ ತೆರೆದರು: "ಆ ಮಾತು ಹುಳಕ್ಕ ಗೊತ್ತಿಲ್ಲಪ್ಪ."

ಅಷ್ಟರಲ್ಲಿ ಹೊಳೆಯ ಮೇಲಿಂದ ಕೂಗು ಕೇಳಿಸಿತು. ಕೇತಪ್ಪ ಬಗ್ಗಿ ನೋಡಿದ. ಬರುತ್ತಿದ್ದುದು ಹೊಸ ಹರಿಗೋಲು! ಮಗಳನ್ನು ಈವರೆಗೆ ಕಡವಿನಲ್ಲಿ ನಡೆಯುತ್ತಿದ್ದ ಹರಿಗೋಲಿನಲ್ಲೇ ಕರೆದು ತಾ ಎಂದು ಅಂಬಿಗ ಹುಲಿಗೆಪ್ಪನಿಗೆ ಗುಟ್ಟಾಗಿ ಹೇಳಿದ್ದ. ಪಾಪ, ಹುಲಿಗೆಪ್ಪ ಬಸುರಿ ಹೆಣ್ಣುಮಗಳಿಗೆ ಹೊಸದೇ ಇರಲಿ, ಅದೂ ಅವಳಪ್ಪ ಮಾಡಿದ್ದು ಎಂದು ಅಭಿಮಾನದಿಂದ ಹೊಸದನ್ನೇ ಒಯ್ದಿದ್ದ. ನಡುಹೊಳೆಯಲ್ಲಿ ಅದು ಗಿರಗಿರನೆ ತಿರುಗುತ್ತಿತ್ತು. ಬಿದಿರು ಲಟಲಟನೆ ಮುರಿಯುವ ಸದ್ದು ದಂಡೆಯವರೆಗೂ ಬಂತು.

"ನನ್ನ ಕೂಸು! ಅಜ್ಜಾರ, ನನ್ನ ಕೂಸು!"

ಅಜ್ಜನವರು ಎರಡೂ ಕೈಯೆತ್ತಿ ತಲೆಯ ಮೇಲಿನ ಹಳೆಯ ಹೆಣಿಗೆಯನ್ನು ಬಿಗಿಯಾಗಿ ಹಿಡಿದರು. ಅವರ ತೋಳು ಥರಥರ ನಡುಗಿತು. ಒಣ ಮರಳಿನ ಮೇಲೆ ಕುಳಿತವರ ಮೊಣಕೈಗಳಿಂದ ಹೊಳೆಯ ನೀರು ಧಾರೆಯಾಗಿ ಇಳಿಯಿತು. ಅತ್ತ ಅಂಚಿನವರೆಗೆ ಮುಳುಗಿದ ಹೊಸ ಹರಿಗೋಲು, ಕೆಳಗಿನಿಂದ ಯಾರೋ ಹೊತ್ತು ತಂದ ಹಾಗೆ, ಹುಟ್ಟು ಹಾಕದೆಯೇ ದಡಕ್ಕೆ ಬಂತು. ನೀಲವ್ವ ಇಳಿದಳು, ಹುಲಿಗೆಪ್ಪ ಇಳಿದ. ಅಜ್ಜನವರು ಕೈ ಬಿಟ್ಟರು. ಆ ಕ್ಷಣವೇ ಹರಿಗೋಲು ಕುಸಿದು, ಒದ್ದೆ ತೊಗಲಿನಲ್ಲಿ ಬರೀ ಹುಡಿಯಾಗಿ ಉಳಿಯಿತು.

ಮಗಳನ್ನು ತಬ್ಬಿಕೊಂಡು ಅತ್ತ ಮೇಲೆ ಕೇತಪ್ಪ ಅಜ್ಜನವರ ಪಾದಕ್ಕೆ ಬಿದ್ದ. ಹೆಗಲ ಹುಡಿಯನ್ನು ತನ್ನ ಪಂಚೆಯಿಂದ ಒರೆಸಿದ. ಎಷ್ಟು ಒರೆಸಿದರೂ ಅದು ಹಾಗೇ ಇತ್ತು.

"ಇರಲಿ ಬಿಡು" ಎಂದರು ಅಜ್ಜನವರು. "ಈ ಹರಿಗೋಲಿಗೆ ನಿಮ್ಮಪ್ಪಗ ಕೂಲೀನೇ ಬರಲಿಲ್ಲ. ಅದು ಅನ್ಯಾಯ. ಆದ್ರೂ ಅವ ಹೆಣಿಗಿ ಕೆಡಿಸಲಿಲ್ಲ. ನೀ ಹೋಗಿ ಸಾಹುಕಾರನ ಕೂಡ ಜಗಳಾಡು, ನಾನೂ ಬರ್ತೀನಿ. ಸಿಟ್ಟು ಬಿದಿರಿನ ಮ್ಯಾಲೆ ತೀರಿಸಬ್ಯಾಡ."

ಕೇತಪ್ಪ ಕತ್ತಲ ಪಕ್ಷ ಕಾದು ಬಿದಿರು ಕಡಿದ, ಮಡುವಿನಲ್ಲಿ ಹದ ಮಾಡಿ ಮತ್ತೊಂದು ಹರಿಗೋಲು ಹೆಣೆದ. ಅದು ಮುಗಿದ ದಿನ ಪೂಜ್ಯರ ಹೆಗಲು ಶುಭ್ರವಾಗಿದ್ದುದನ್ನು ಊರೇ ಕಂಡಿತು. ಕೇತಪ್ಪ ಮಾತ್ರ ಅದನ್ನು ನೋಡಲು ಹೋಗಿರಲಿಲ್ಲ. ಸುಡುಬಿಸಿಲಿನಲ್ಲಿ ಹೊಸ ಹರಿಗೋಲನ್ನು ಬೋರಲು ಹಾಕಿ, ಅದರ ಕೆಳಗೆ ಕಣ್ಣು ಮುಚ್ಚಿ, ಹೆಣಿಗೆಗೆ ಕಿವಿಯಿಟ್ಟು ಕುಳಿತಿದ್ದ.

ಸಾಹುಕಾರ ಬಗ್ಗಿ ನೋಡಿ ನಕ್ಕ. "ಏನೋ ಕೇತ, ಕೂಲಿಗೆ ಧರಣಿ ಕೂತೀಯೇನು?"

"ಕೂಲಿ ಬಿಡಂಗಿಲ್ರೀ ಸಾವುಕಾರ್ರ, ಪೂರ್ತಿ ಇಸಗೊಂತೀನಿ" ಎಂದ ಕೇತಪ್ಪ. "ಸ್ವಲ್ಪ ಸುಮ್ಮನಿರ್ರಿ ಈಗ. ಕೇಳಾಕತ್ತೀನಿ."