ರುಚಿಗಾರನೂ ಇಂಗಿನ ಪಾಯಸವೂ

ಏಳು ಸಂತೆ ದಾಟಿದರೆ ಒಂದು ರಾಜ್ಯ. ಅದಕ್ಕೊಬ್ಬ ರಾಜ, ರಾಜನಿಗೊಬ್ಬಳೇ ಮಗಳು. ಐದು ವರ್ಷದ ಕೂಸು, ಎದೆ ಬಲಹೀನ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ರಾಜನಿಗೆ ಶತ್ರುಗಳು ಬಹಳ. ಅದಕ್ಕೇ ಅರಮನೆಯಲ್ಲಿ ತಿಪ್ಪರಸಯ್ಯ ಅಂತ ಒಬ್ಬ ರುಚಿಗಾರನಿದ್ದ. ವಿಷ ಇದೆಯೋ ಇಲ್ಲವೋ ಅಂತ ಎಲ್ಲ ಅಡುಗೆಯನ್ನೂ ಮೊದಲು ಅವನು ತಿಂದು ನೋಡಬೇಕು. ತಿಂದ ಚಮಚದಲ್ಲೇ ಮೊದಲ ತುತ್ತನ್ನು ಮಗುವಿನ ಬಾಯಿಗಿಡಬೇಕು. ಚಮಚಕ್ಕೂ ವಿಷ ಸವರಿರಬಹುದಲ್ಲ! ಅದು ಆ ಅರಮನೆಯ ಪದ್ಧತಿ.

ಒಂದು ಸಲ ಪಕ್ಕದ ರಾಜ್ಯಗಳಲ್ಲಿ ಹೊಸ ಜ್ವರ ಹುಟ್ಟಿತು. ಅದಕ್ಕಿಂತ ನಾಲ್ಕು ಹೆಜ್ಜೆ ಮುಂದಾಗಿ ಬಂದವಳು ಹೊನ್ನೂರವ್ವ, ಊರೂರು ತಿರುಗಿ ಇಂಗು ಮಾರುವ ಹೆಂಗಸು.

"ಮೂರು ರಾಜ್ಯದಾಗ ನೋಡೀನಿ, ದೊರೆ," ಅಂದಳು. "ಮೊದಲು ಮೂಗಿನ ವಾಸನೆ, ನಾಲಿಗೆಯ ರುಚಿ ಹೋಗ್ತದೆ. ಮೂರು ದಿನ ಬಿಟ್ಟು ಜ್ವರ ಬರ್ತದೆ. ಆ ಮೂರು ದಿನ ಮನುಷ್ಯ ಗಟ್ಟಿಮುಟ್ಟಾಗಿಯೇ ಓಡಾಡ್ತಾನೆ. ಸಿಕ್ಕಸಿಕ್ಕವರಿಗೆಲ್ಲ ಹಂಚಿಕೊಂತ ಓಡಾಡ್ತಾನೆ."

"ಹಾಗಾದರೆ ಏನು ಮಾಡೋದು?"

"ಮನೆಮನೆಗೆ ಹೋಗಿ ಮೂಗು ನೋಡೋದು."

ರಾಜ ಡಂಗುರ ಸಾರಿಸಿದ. ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಬೇಕು. ಕೈ ತಿಕ್ಕಿ ತೊಳೆಯಬೇಕು. ವಾಸನೆ ಹೋದವರು ಗುರುತಿಗೆ ಬಾಗಿಲಿಗೆ ಮೊರ ಆನಿಸಿ ಹದಿನಾಲ್ಕು ದಿನ ಒಳಗಿರಬೇಕು. ಊಟ ಜಗಲಿಗೇ ಬರುತ್ತದೆ.

ಹೊನ್ನೂರವ್ವ ಮೂರು ಡಬ್ಬಿ ಹಿಡಿದು ಹೊರಟಳು. ಒಂದರಲ್ಲಿ ಇಂಗು, ಒಂದರಲ್ಲಿ ಕರ್ಪೂರ, ಒಂದರಲ್ಲಿ ಬೆಳ್ಳುಳ್ಳಿ. ಕಣ್ಣು ಮುಚ್ಚಿ ಮೂಸಬೇಕು, ಏನು ಅಂತ ಹೇಳಬೇಕು.

ನೇಕಾರರ ಕೇರಿಯ ಸೊಸೆಯೊಬ್ಬಳಿಗೆ ಮೂರೂ ಗೊತ್ತಾಗಲಿಲ್ಲ.

"ಹದಿನಾಲ್ಕು ದಿನ ನನ್ನ ಕೋಣೆಗೆ ಯಾರೂ ಬರಂಗಿಲ್ವಾ ಅವ್ವ? ನಮ್ಮತ್ತೆನೂ?"

"ನಿಮ್ಮತ್ತೆನೂ."

"ಹಂಗಾದ್ರೆ ಎರಡು ಮೊರ ಇಡ್ತೀನಿ ತಗೋ."

ಹೀಗೇ ಊರಲ್ಲಿ ಮೊರಗಳು ಎದ್ದವು. ಜ್ವರ ಮೊರ ದಾಟಲಿಲ್ಲ.

ಇತ್ತ ರಾಜಕುಮಾರಿಯ ಹುಟ್ಟುಹಬ್ಬ ಬಂತು. ಆ ಬೆಳಿಗ್ಗೆ ತಿಪ್ಪರಸಯ್ಯ ತಲೆಗೆ ಮಲ್ಲಿಗೆ ಎಣ್ಣೆ ಹಚ್ಚಿದ. ಘಮವಿಲ್ಲ. ಉಪ್ಪಿನಕಾಯಿ ನೆಕ್ಕಿದ. ರುಚಿಯಿಲ್ಲ. 'ನಾಲಿಗೆ ಹೋಯಿತು ಅಂದರೆ ರುಚಿಗಾರನ ಹುದ್ದೆಯೂ ಹೋಯಿತು' ಅಂದುಕೊಂಡು ಬಾಯಿ ಮುಚ್ಚಿಕೊಂಡು ಅರಮನೆಗೆ ನಡೆದ.

ಬಾಗಿಲಲ್ಲೇ ಹೊನ್ನೂರವ್ವ. "ಮೂಸ್ರಿ, ಅಯ್ಯನವರೇ."

"ಇಂಗು ಮಾರೋಳು ನನ್ನ ಮೂಗು ನೋಡ್ತೀಯಾ? ಸರಿ ಆಕಡೆ!" ಒಳಗೆ ಹೋದ. ಅವನು ತಪ್ಪಿಸಿಕೊಂಡದ್ದು ಅದು ಮೊದಲ ಸಲ.

ಆಮೇಲೆ ಅಡುಗೆಮನೆಯಲ್ಲೂ ಹೊನ್ನೂರವ್ವನ ಡಬ್ಬಿ ಮೂಸಲು ಆಳುಗಳ ಸಾಲು. ತಿಪ್ಪರಸಯ್ಯ ಕೊನೆಗೆ ನಿಂತು ಮುಂದಿನವರ ಉತ್ತರ ಕೇಳಿಸಿಕೊಂಡ. ತನ್ನ ಸರದಿ ಬಂತು, ಕಣ್ಣು ಮುಚ್ಚಿದ. "ಇಂಗು, ಕರ್ಪೂರ, ಬೆಳ್ಳುಳ್ಳಿ!" ಅಂದ.

ಹೊನ್ನೂರವ್ವ ಇನ್ನೂ ಮುಚ್ಚಳವನ್ನೇ ತೆಗೆದಿರಲಿಲ್ಲ. ಅದು ಎರಡನೇ ಸಲ.

ಅವಳು ಜಗಳ ಮಾಡಲಿಲ್ಲ. ಬೀದಿಯವಳ ಮಾತಿಗೆ ಅರಮನೆಯಲ್ಲಿ ಎಷ್ಟು ತೂಕ ಅಂತ ಏಳು ಸಂತೆ ಕಂಡವಳಿಗೆ ಗೊತ್ತು. ಪಾಯಸದ ಹಂಡೆಗೆ ಒಂದು ಹಿಡಿ ಇಂಗು ಹಾಕಿದಳು. ಆಮೇಲೆ ರಾಜನ ಹತ್ತಿರ ಹೋಗಿ, "ಮಗಳ ಪಕ್ಕದಲ್ಲೇ ಕೂಡ್ರಿ ದೊರೆ. ಏನು ಬಂದರೂ ತುಟಿ ಬಿಚ್ಚಬೇಡಿ," ಅಂದಳು.

ಪಾಯಸ ಬಂತು. ಸಭೆ ಇಂಗಿನಿಂದ ಗಬ್ಬೆದ್ದಿತು. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿದ್ದರಲ್ಲ, ಯಾರ ಮೂಗು ಹೇಗೆ ಸೊಟ್ಟಗಾಯಿತೋ ತಿಪ್ಪರಸಯ್ಯನಿಗೆ ಕಾಣಲಿಲ್ಲ. ಅವರ ಕಣ್ಣಲ್ಲಿ ನೀರಾಡಿದ್ದು ಕಂಡಿತು. ಸಂತೋಷಕ್ಕೆ ಅಂದುಕೊಂಡ.

ಒಂದು ಚಮಚ ಬಾಯಿಗಿಟ್ಟು ಚಪ್ಪರಿಸಿದ. "ಆಹಾ! ಏಲಕ್ಕಿ ಹದವಾಗಿ ಬಿದ್ದಿದೆ. ತುಪ್ಪ ಘಮ್ಮಂತಿದೆ!"

ಅದೇ ಚಮಚ ಅದ್ದಿ ಮಗುವಿನ ಕಡೆ ಚಾಚಿದ. ಮಗು ಬಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯಿತು. "ಒಲ್ಲೆ! ನಾರ್ತದೆ!"

ರಾಜ ಅವನ ಮಣಿಕಟ್ಟು ಹಿಡಿದ. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆ ವಾಸನೆಗೆ ಎತ್ತುವಂತೆಯೂ ಇರಲಿಲ್ಲ.

"ತಿಪ್ಪರಸಯ್ಯ, ಎಷ್ಟು ಹೊತ್ತಿನಿಂದ ಗೊತ್ತು ನಿನಗೆ?"

"ಬೆಳಿಗ್ಗೆಯಿಂದ, ಮಹಾಪ್ರಭು. ಹುದ್ದೆ ಹೋಗುತ್ತೆ ಅಂತ..."

"ಬೆಳಿಗ್ಗೆ ಹೇಳಿದ್ದರೆ ಹುದ್ದೆ ಹದಿನಾಲ್ಕು ದಿನ ಕಾಯುತ್ತಿತ್ತು. ಈಗ ಕಾಯೋದಿಲ್ಲ. ಹೊರಗಿನ ವಿಷ ತಡೆಯೋಕೆ ಇಟ್ಟುಕೊಂಡವನು ನೀನೇ ವಿಷ ತಂದೆಯಲ್ಲೋ!"

ಒಂದೇ ಚಮಚದ ಪದ್ಧತಿ ಅಂದಿಗೇ ಮುಗಿಯಿತು. ತಿಪ್ಪರಸಯ್ಯನ ಬಾಗಿಲಿಗೂ ಮೊರ ಬಂತು. ದಿನಾ ಮಧ್ಯಾಹ್ನ ಅವನ ಜಗಲಿಗೆ ಊಟದ ಜೊತೆ ಒಂದು ಬಟ್ಟಲು ಇಂಗಿನ ಪಾಯಸ. ದಿನಾ ಬಟ್ಟಲು ಖಾಲಿ. ಎರಡು ದಿನ ಜ್ವರ ಸುಟ್ಟಿತು, ಬಿಟ್ಟಿತು. ಹನ್ನೊಂದನೇ ದಿನ ಒಳಗಿನಿಂದ ಕೂಗು: "ಥೂ! ಯಾವಳು ಇದನ್ನ ಮಾಡಿದ್ದು?"

"ಮೂಗು ಬಂತು," ಅಂದಳು ಹೊನ್ನೂರವ್ವ. "ಇನ್ನು ಮೂರು ದಿನ ಇರಲಿ." ಡಬ್ಬಿ ಕಟ್ಟಿಕೊಂಡು ಮುಂದಿನ ರಾಜ್ಯಕ್ಕೆ ಹೊರಟಳು.

ರೋಗ ಬರುವುದು ಯಾರ ತಪ್ಪೂ ಅಲ್ಲ ಮಕ್ಕಳೇ, ಬಂದದ್ದನ್ನು ಮುಚ್ಚಿಟ್ಟು ಇನ್ನೊಬ್ಬರ ಬಾಯಿಗೆ ಚಮಚ ಚಾಚುವುದು ತಪ್ಪು. ಅವಳ ಡಬ್ಬಿಗಳು ಅಲ್ಲಿ, ನಮ್ಮ ಮೂಗುಗಳು ಇಲ್ಲಿ. ಏಳಿ, ಕೈ ತೊಳೆದುಕೊಳ್ಳಿ, ಊಟಕ್ಕೆ ಹೊತ್ತಾಯಿತು.