ಯರೆಬೀಳಿನ ತವರುಗುಡ್ಡ

ಯರೆಬೀಳು ಗ್ರಾಮದ ಬಡಗಣ ದಿಕ್ಕಿಗೆ ಎರೆಹೊಲಗಳ ನಡುವೆ ಒಂದು ಕುಳ್ಳ ಗುಡ್ಡವಿದೆ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ. ಅರಿಷಿಣ ಬಳಿದ ಒಂದು ಚಪ್ಪಟೆ ಕಲ್ಲಿದೆ, ಅಷ್ಟೆ. ಇದನ್ನು ತವರುಗುಡ್ಡ ಎನ್ನುತ್ತಾರೆ. ಈಗೀಗ ಕಡ್ಲಿ ಮನೆತನದವರು ಪಟ್ಟಣಗಳಿಂದ ಕಾರು ಮಾಡಿಕೊಂಡು, ತಮ್ಮ ಹಿರಿಯಜ್ಜಿ ಪಾರವ್ವನ ತವರಿನ ವಂಶ ಹುಡುಕುತ್ತ ಇಲ್ಲಿಗೆ ಬರುತ್ತಾರೆ. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಲವರನ್ನು ಕೇಳಿದರೆ, "ಆಕಿ ತವರು ಈ ಗುಡ್ಡ" ಎಂದಷ್ಟೇ ಹೇಳುತ್ತಾರೆ. ಬಂದವರು ಇದೇ ಊರಿನವನಾದ ನನ್ನ ಮುಖ ನೋಡುತ್ತಾರೆ. ಗುಡ್ಡಕ್ಕೆ ಮಗಳು ಹುಟ್ಟುವುದುಂಟೇ? ಆಗ ನಾನು ಸಂಕವ್ವನ ಹೆಸರು ಎತ್ತಬೇಕಾಗುತ್ತದೆ.

ಹಿಂದೆ ಒಮ್ಮೆ, ಧಾತು ಸಂವತ್ಸರದ ಬರ ಜನರನ್ನು ದಿಕ್ಕಾಪಾಲು ಮಾಡಿದ ಕಾಲಕ್ಕೆ, ಈ ಸೀಮೆಯೆಲ್ಲ ಜಾಲಿ, ಪಾಪಾಸುಕಳ್ಳಿ ತುಂಬಿದ ಹಾಳುಬೀಳಾಗಿತ್ತು. ಸಂಕವ್ವನೆಂಬ ಒಂಟಿ ಹೆಂಗಸು ಕಂಕುಳಲ್ಲಿ ಕೂಸು ಹೊತ್ತು ಬಂದು, ಗುಡಿಸಲು ಹಾಕಿ, ಕಳ್ಳಿ ಕಡಿದು, ಎತ್ತಿಲ್ಲದೆ ಗುದ್ದಲಿಯಿಂದಲೇ ನೆಲ ಅಗೆದು ಮೊದಲ ಜೋಳ ಬೆಳೆದಳು ಎನ್ನುತ್ತಾರೆ. ಅವಳ ಒಲೆಯ ಹೊಗೆ ಕಂಡು ಉಳಿದವರು ಬಂದರು. ಅವಳ ಜೋಳ ಉಂಡು, ಅವಳು ತೋಡಿದ ಒರತೆಯ ನೀರು ಕುಡಿದು, ಆಮೇಲೆ ಕೇಳಿದ್ದು ಮಾತ್ರ ಬೆಡಗು ಯಾವುದೆಂದು. ಬೆಡಗೆಂದರೆ ತಂದೆಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಅದಿಲ್ಲದವರೊಡನೆ ಹೆಣ್ಣು ಕೊಡುವುದು ತರುವುದು ಇಲ್ಲ. ಸಂಕವ್ವ ಬಾಯಿಗೆ ಬಂದ ಒಂದು ಬೆಡಗು ಹೇಳಿಬಿಟ್ಟಳು.

ಮಗಳು ಪಾರವ್ವ ದೊಡ್ಡವಳಾದಾಗ ಆ ಸುಳ್ಳು ಕೊರಳಿಗೆ ಬಂತು. ಕಡ್ಲಿಯವರ ಹುಡುಗನೂ ಅವಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೆ ಅವರದೂ ಅದೇ ಬೆಡಗು. ಒಂದೇ ಬೆಡಗಿನವರು ಅಣ್ಣತಂಗಿ, ಮದುವೆ ಹೇಗಾದೀತು? ಪಾರವ್ವ ಅನ್ನನೀರು ಬಿಟ್ಟಳು. ಸುಗ್ಗಿಗೆ ಬಂದ ಹೆಲವರ ಭರಮಪ್ಪನ ಮುಂದೆ ಹಿರಿಯರು ಸೇರಿದಾಗ ಸಂಕವ್ವ ಎದ್ದು ನಿಂತಳು. "ನಾ ಹೇಳಿದ್ದು ಸುಳ್ಳು. ಕೂಸು ನಾ ಹಡದದ್ದಲ್ಲ. ಈ ಗುಡ್ಡದ ಬುಡಕ್ಕ ಸತ್ತ ಹೆಣ್ಣಮಗಳ ಮಗ್ಗಲದಾಗ ಅಳಕೋತ ಬಿದ್ದಿತ್ತು, ಎತ್ತಿಕೊಂಡೆ. ಆಕಿ ಯಾರಾಕಿ ನನಗ ಗೊತ್ತಿಲ್ಲ." ಅಣ್ಣತಂಗಿಯ ಮಾತು ಅಲ್ಲಿಗೆ ಮುಗಿಯಿತು. ಆದರೆ ಕುಲವೇ ಗೊತ್ತಿಲ್ಲದವಳನ್ನು ಧಾರೆ ಎರೆದು ಕೊಡುವವರು ಯಾರು? ಭರಮಪ್ಪ, "ಗುಡ್ಡದಾಗ ಸಿಕ್ಕಾಕಿಗೆ ಗುಡ್ಡನ ತವರು" ಎಂದ. ಹಿರಿಯರು ಒಪ್ಪಿದರು, ಆದರೆ ಒಂದು ಕಟ್ಟು ಹಾಕಿದರು: ಸಂಕವ್ವ ಇನ್ನು ತಾಯಿಯ ಜಾಗದಲ್ಲಿ ನಿಲ್ಲಬಾರದು, ಉಡಿ ತುಂಬಬಾರದು, ಸುಳ್ಳು ಹೇಳಿದ ಬಾಯಿಂದ ಮಗಳೇ ಎನ್ನಬಾರದು. ಅವಳ ಜೋಳ ಉಂಡ ಬಾಯಿಗಳೇ ಇದನ್ನು ಹೇಳಿದವು. ಸಂಕವ್ವ ಮಾತ್ರ, "ಹುಡುಗಿ ಬಾಳೇವು ನೆಟ್ಟಗಾದರ ಸಾಕು" ಎಂದು ಒಪ್ಪಿಕೊಂಡಳು.

ಗುಡ್ಡದ ಕಲ್ಲನ್ನೇ ತಾಯಿಯೆಂದು ಪೂಜಿಸಿ ಮದುವೆ ಮಾಡಿದರು. ಮರುವರ್ಷದ ನಾಗರಪಂಚಮಿಗೆ, ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವಾಗ, ಪಾರವ್ವ ಗುಡ್ಡ ಹತ್ತಿದಳು. ತನ್ನ ಹುಟ್ಟಿನ ಸುದ್ದಿಯನ್ನು ತುಂಬಿದ ಸಭೆಯಲ್ಲಿ ಕೇಳಬೇಕಾಯಿತೆಂಬ ಸಿಟ್ಟು ಅವಳಿಗೂ ಇತ್ತು. ಗುಡಿಸಲಿನ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲಿನ ಮೇಲೆ ಯಾರೋ ಎಳ್ಳುಂಡೆ ಇಟ್ಟಿದ್ದರು. ಮುರಿದು ಬಾಯಿಗಿಟ್ಟಳು. ಕೈರುಚಿ ಗುರುತು ಸಿಕ್ಕಿ ಅಲ್ಲಿಯೇ ಕೂತು ಅತ್ತಳು, ಅಳುತ್ತಲೇ ಎಲ್ಲವನ್ನೂ ತಿಂದಳು. ಸಂಕವ್ವ ಸಾಯುವತನಕ ಪ್ರತಿ ಪಂಚಮಿಗೂ ಹೀಗೇ ನಡೆಯಿತಂತೆ. ಇಬ್ಬರೂ ಎದುರುಬದುರಾಗಲೇ ಇಲ್ಲ.

ಈಗಲೂ ಪಂಚಮಿಗೆ, ತವರಿನಲ್ಲಿ ಯಾರೂ ಉಳಿಯದ ಹೆಂಗಸರು ಈ ಗುಡ್ಡ ಹತ್ತುವುದನ್ನು ನೋಡಬಹುದು. ಅವರಿಗಾಗಿ ಕಲ್ಲಿನ ಮೇಲೆ ಉಂಡೆ ಇರುತ್ತದೆ. ಊರಿನ ಮನೆಗಳವರು ಸರದಿಯ ಮೇಲೆ ಇಡುತ್ತಾರೆ, ಇಟ್ಟವರು ಕಾಣಿಸಿಕೊಳ್ಳುವಂತಿಲ್ಲ. ಹೋದ ವರ್ಷ ನಮ್ಮ ಮನೆಯ ಸರದಿ. ಇಡಲು ಹೋದ ನನ್ನ ಹೆಂಡತಿ ಎಷ್ಟು ಹೊತ್ತಾದರೂ ತಿರುಗಿ ಬರಲಿಲ್ಲ. ಹುಡುಕಿಕೊಂಡು ಹೋದರೆ ಸಜ್ಜೆಯ ಬೆಳೆಯ ಮರೆಯಲ್ಲಿ ನಿಂತು, ಗುಡ್ಡದ ಮೇಲೆ ಕಲ್ಲಿನ ಮುಂದೆ ಕೂತಿದ್ದ ಒಬ್ಬ ಹೆಂಗಸಿನ ಕಡೆ ನೋಡುತ್ತಿದ್ದಳು. ಮನೆಗೆ ನಡೆ ಎಂದೆ.

"ತಡೀರಿ," ಎಂದಳು, "ಆಕಿ ಇನ್ನೂ ತಿಂದಿಲ್ಲ."